ಹಬೀಬ್ ತನ್ವೀರ್: ಊರಿನ ಮಾತು, ರಂಗದ ಮಾತು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಲ್ಲಿ ಪ್ರತಿ ವರ್ಷ ಒಬ್ಬ ಸಾಧಕರ ಬಗ್ಗೆ ಉಪನ್ಯಾಸ ನಡೆಯುವುದು ವಾಡಿಕೆ. ಸರ್ ಸಯ್ಯದ್ ಅಹ್ಮದ್ ಖಾನರ ಬಗ್ಗೆ, ಮೌಲಾನಾ ಆಜಾದರ ಬಗ್ಗೆ, ಅಬ್ದುಲ್ ಕಲಾಮರ ಬಗ್ಗೆ ನಾವೆಲ್ಲ ಇಲ್ಲಿ ಕೇಳಿದ್ದೇವೆ. ಈ ಸಲ ಕಾರ್ಯದರ್ಶಿಗಳು ನನ್ನನ್ನು ಕೇಳಿದಾಗ, "ಒಬ್ಬ ನಟರ ಬಗ್ಗೆ ಮಾತನಾಡಬಹುದೇ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಟ ಅಂದರೆ ಸಿನಿಮಾದವರಾ?" ಎಂದರು. "ಅಲ್ಲ ಸಾರ್, ನಾಟಕದವರು" ಎಂದೆ. "ಆಗಲಿ ಮಾತಾಡಿ, ಆದರೆ ಊಟಕ್ಕೆ ತಡ ಮಾಡಬೇಡಿ" ಎಂದು ಒಪ್ಪಿಗೆ ಕೊಟ್ಟರು. ಆ ಒಪ್ಪಂದದ ಮೇಲೆ ನಿಮ್ಮ ಮುಂದೆ ನಿಂತಿದ್ದೇನೆ.

ಆ ನಟರ ಹೆಸರು ಹಬೀಬ್ ತನ್ವೀರ್. ಅವರ ವಿಷಯಕ್ಕೆ ಬರುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಿಬಿಡಬೇಕು. ಆ ತಪ್ಪು ಮಾಡದೇ ಇದ್ದಿದ್ದರೆ ಈ ಹೆಸರನ್ನು ನಾನು ಇಷ್ಟು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಶಾಲಾ ವಾರ್ಷಿಕೋತ್ಸವಕ್ಕೆ ಒಂದು ಉರ್ದು ನಾಟಕ ಆಡಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಅವನ ಸುತ್ತ ಯಾವಾಗಲೂ ಹತ್ತು ಹನ್ನೆರಡು ಹುಡುಗರು. ಬಸ್ ಕಂಡಕ್ಟರ್, ಸಂತೆಯ ದಲಾಲಿ, ಮದುವೆಯಲ್ಲಿ ಮುನಿಸಿಕೊಂಡ ದೊಡ್ಡಮ್ಮ, ಕೊನೆಗೆ ನಾನು, ಎಲ್ಲರನ್ನೂ ಅವನು ನಡೆದು, ಮಾತಾಡಿ ತೋರಿಸುತ್ತಿದ್ದ. ನಮ್ಮ ಮನೆಗಳ ದಖನಿಯಲ್ಲಿ, ನಡುನಡುವೆ ಕನ್ನಡ ಬೆರೆಸಿ, "ಹೌ", "ನಕ್ಕೋ" ಎಂದು ಅವನು ಹೇಳುವಾಗ ನಗದವರೇ ಇರಲಿಲ್ಲ. ಅವನಿಗೇ ಮುಖ್ಯ ಪಾತ್ರ ಕೊಟ್ಟೆ. ಆದರೆ ನಾಟಕದ ಭಾಷೆ ಪುಸ್ತಕದ ಉರ್ದು. ನನಗೋ ತಲಫ್ಫುಜಿನ, ಅಂದರೆ ಉಚ್ಚಾರದ ಹುಚ್ಚು. "ಕಾಫ್" ಎಲ್ಲಿ "ಖಾಫ್" ಎಲ್ಲಿ ಎಂದು ಪ್ರತಿ ವಾಕ್ಯಕ್ಕೂ ತಡೆದೆ. "ಇಲ್ಲಿ ನಿಲ್ಲು, ಅಲ್ಲಿ ನೋಡು, ಕೈ ಕೆಳಗಿಳಿಸು" ಎಂದೆ. ಮೂರನೇ ದಿನಕ್ಕೆ ಹುಡುಗ ಕಟ್ಟಿಗೆಯಂತಾದ. ಬಾಯಿ ತೆರೆದರೆ ಶಬ್ದ ಹೊರಡದು. ನಾನು ಸಿಟ್ಟಿನಿಂದ "ನಿನ್ನ ಕೈಯಲ್ಲಿ ಆಗದು, ಹೋಗು" ಎಂದು ಎಲ್ಲರ ಮುಂದೆ ಹೇಳಿ, ಪಾಠವನ್ನು ಗಿಣಿಯಂತೆ ಒಪ್ಪಿಸುವ ಇನ್ನೊಬ್ಬನಿಗೆ ಆ ಪಾತ್ರ ಕೊಟ್ಟೆ. ನಾಟಕ ನಡೆಯಿತು. ಉಚ್ಚಾರ ಬಹಳ ಶುದ್ಧವಾಗಿತ್ತು. ನೋಡಿದವರಿಗೆ ಆಕಳಿಕೆ ಬಂತು. ಆ ಹುಡುಗ ಮಾತ್ರ ಅದಾದ ಮೇಲೆ ನನ್ನ ತರಗತಿಯಲ್ಲಿ ತಾನಾಗಿ ಒಂದು ಮಾತನ್ನೂ ಆಡಲಿಲ್ಲ.

ಇದು ನೆನಪಿರಲಿ. ಈಗ ರಾಯಪುರಕ್ಕೆ ಹೋಗೋಣ.

ರಾಯಪುರ ಇವತ್ತು ಛತ್ತೀಸಗಢ ರಾಜ್ಯದ ರಾಜಧಾನಿ. ಆದರೆ 1923ರ ಸೆಪ್ಟೆಂಬರ್ 1ರಂದು ಹಬೀಬ್ ಅಹ್ಮದ್ ಖಾನ್ ಎಂಬ ಮಗು ಅಲ್ಲಿ ಹುಟ್ಟಿದಾಗ ಅದು ಮಧ್ಯ ಪ್ರಾಂತದ ಒಂದು ಸಣ್ಣ ಊರು. ಸುತ್ತ ಭತ್ತದ ಗದ್ದೆ, ಅದರಾಚೆ ಕಾಡು. ತಂದೆ ಹಾಫಿಜ್ ಮೊಹಮ್ಮದ್ ಹಯಾತ್ ಖಾನ್ ಪೇಶಾವರದ ಕಡೆಯಿಂದ ಬಂದು ನೆಲೆಸಿದವರು. ಹೆಸರೇ ಹೇಳುವಂತೆ ಕುರ್‌ಆನ್ ಕಂಠಪಾಠವಿದ್ದ ಧರ್ಮನಿಷ್ಠರು. ಆ ಮನೆಯ ಮಗ ನಾಟಕದವನಾಗುತ್ತಾನೆ ಎಂದು ಯಾರೂ ಎಣಿಸಿರಲಿಲ್ಲ.

ಆದರೆ ಊರಿನಲ್ಲಿ ನಾಟಕವಿತ್ತು. ಕಾಳಿಬಾಡಿಯಲ್ಲಿ ಪಾರ್ಸಿ ಶೈಲಿಯ ನಾಟಕಗಳಾಗುತ್ತಿದ್ದವು. ಹಬೀಬರ ಅಣ್ಣನೇ ಅದರಲ್ಲಿ ಹೆಣ್ಣುವೇಷ ಹಾಕುತ್ತಿದ್ದರು. ನೋಡಲು ಹೋದ ಪುಟ್ಟ ಹಬೀಬ್ ಅಳುತ್ತಾ ಕುಳಿತಿದ್ದನಂತೆ. ನಮ್ಮ ಹಿರಿಯರಲ್ಲಿ ಕಂಪನಿ ನಾಟಕ ನೋಡಿದವರಿಗೆ ಇದು ಅರ್ಥವಾದೀತು. ವೇಷದ ಒಳಗಿರುವವನು ಯಾರೆಂದು ತಿಳಿದಿದ್ದರೂ ಕಣ್ಣೀರು ನಿಲ್ಲುವುದಿಲ್ಲ.

ಶಾಲೆ ಲಾರಿ ಮುನಿಸಿಪಲ್ ಹೈಸ್ಕೂಲ್. ಹನ್ನೊಂದು ಹನ್ನೆರಡನೇ ವಯಸ್ಸಿನಲ್ಲಿ ಹಬೀಬ್ ಅಲ್ಲಿ ಶೇಕ್ಸ್‌ಪಿಯರನ 'ಕಿಂಗ್ ಜಾನ್' ನಾಟಕದ ಒಂದು ದೃಶ್ಯದಲ್ಲಿ ರಾಜಕುಮಾರ ಆರ್ಥರನ ಪಾತ್ರ ಮಾಡಿದ. ಅದೇ ಶಾಲೆಯ ಫಾರಸಿ ಮೇಷ್ಟ್ರು ತಾವೇ ಒಂದು ನಾಟಕ ಬರೆದು, ಅದರಲ್ಲಿ ಬೂಟ್ ಪಾಲಿಶ್ ಮಾಡುವ ಹುಡುಗನ ಪಾತ್ರವನ್ನು ಇವನಿಗೆ ಕೊಟ್ಟರು. ಮೇಷ್ಟ್ರುಗಳೇ, ಸ್ವಲ್ಪ ಯೋಚಿಸಿ. ಫಾರಸಿ ಕಲಿಸುವವರು, ವ್ಯಾಕರಣದ ರೂಲುಕೋಲು ಹಿಡಿದು ಕೂರಬಹುದಾಗಿದ್ದವರು, ಬೀದಿಯ ಬೂಟ್ ಪಾಲಿಶ್ ಹುಡುಗನನ್ನು ನಾಟಕಕ್ಕೆ ತಂದರು. ಹಬೀಬ್ ತನ್ವೀರ್ ದೊಡ್ಡವರಾದ ಮೇಲೂ ಆ ಮೇಷ್ಟ್ರನ್ನು ನೆನೆಯುತ್ತಿದ್ದರು. ನನ್ನ ಆ ಹುಡುಗ ನನ್ನನ್ನು ಹೇಗೆ ನೆನೆಯುತ್ತಾನೋ ಎಂದು ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಶಾಲೆ ಊರ ಹೊರಗಿತ್ತು. ರಜೆಯಲ್ಲಿ ಹಬೀಬ್ ಬಂಧುಗಳ ಹಳ್ಳಿಗಳಿಗೆ ಹೋಗುತ್ತಿದ್ದ. ಅಲ್ಲಿ ಹೊಲದ ಹೆಂಗಸರು ಹಾಡುವ ಹಾಡುಗಳನ್ನು ಕೇಳಿ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡ. ಅದು ಮುಂದೆ ಉಪಯೋಗಕ್ಕೆ ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

ವಿದ್ಯಾರ್ಥಿಗಳ ಪಾಲಕರು ಇಲ್ಲಿದ್ದೀರಿ, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಹಬೀಬ್ ಓದು ಬಿಟ್ಟು ಓಡಿಹೋದವರಲ್ಲ. ನಾಗಪುರದ ಮಾರಿಸ್ ಕಾಲೇಜಿನಲ್ಲಿ 1944ರಲ್ಲಿ ಬಿ.ಎ. ಮುಗಿಸಿದರು. ಎಂ.ಎ. ಓದಲು ಅಲೀಗಢಕ್ಕೆ ಹೋಗಿ ಒಂದು ವರ್ಷ ಇದ್ದರು. ಉರ್ದುವಿನಲ್ಲಿ ಕವಿತೆ ಬರೆಯುತ್ತಿದ್ದರು. 'ತನ್ವೀರ್' ಎಂಬುದು ಅವರು ಇಟ್ಟುಕೊಂಡ ಕಾವ್ಯನಾಮ. ಬೆಳಕು ಚೆಲ್ಲುವುದು ಎಂದು ಅದರ ಅರ್ಥ. ಉರ್ದು ವಿದ್ಯಾರ್ಥಿಗಳಿಗೆ ಹೇಳಬೇಕಿಲ್ಲ, 'ನೂರ್' ಮತ್ತು 'ತನ್ವೀರ್' ಒಂದೇ ಬೇರಿನ ಮಾತುಗಳು.

1945ರಲ್ಲಿ ಮುಂಬಯಿಗೆ ಹೋದರು. ಆಕಾಶವಾಣಿಯಲ್ಲಿ ಕೆಲಸ, ಪತ್ರಿಕೆಗಳಿಗೆ ಬರವಣಿಗೆ, ಸಿನಿಮಾದಲ್ಲಿ ಸಣ್ಣ ಪುಟ್ಟ ಪಾತ್ರ, ಹಾಡು ಬರೆಯುವುದು, ಎಲ್ಲವನ್ನೂ ಮಾಡಿದರು. ಜೊತೆಗೆ ಪ್ರಗತಿಶೀಲ ಲೇಖಕರ ಸಂಘ ಮತ್ತು ಇಪ್ಟಾ ಎಂಬ ಜನನಾಟ್ಯ ಸಂಘದ ನಂಟು. ಅಲ್ಲಿ ಬಲರಾಜ್ ಸಾಹ್ನಿ ಇದ್ದರು. ಒಂದು ನಾಟಕದ ತಾಲೀಮಿನಲ್ಲಿ ಹಬೀಬರಿಗೆ ಅಳುವ ಮಾತು ಎಷ್ಟು ಸಲ ಹೇಳಿದರೂ ಸರಿ ಬರಲಿಲ್ಲ. ಬಲರಾಜ್ ವೇದಿಕೆಯ ಮೇಲೆ ಬಂದವರೇ ಕಪಾಳಕ್ಕೆ ಫಟೀರೆಂದು ಬಾರಿಸಿದರು. ಹಬೀಬರ ಕಣ್ಣಲ್ಲಿ ನೀರು ಬಂತು, ಆ ಮಾತೂ ಬಂತು. ಇದು ದೇಹ ಇಟ್ಟುಕೊಳ್ಳುವ ನೆನಪು, ಇನ್ನು ಇದನ್ನು ಮರೆಯಲಾರೆ ಎಂದು ಬಲರಾಜ್ ಸಮಾಧಾನ ಹೇಳಿದರಂತೆ. ಈ ಪ್ರಸಂಗ ರಂಗಭೂಮಿಯವರಲ್ಲಿ ಪ್ರಸಿದ್ಧ. ಶಿಕ್ಷಕ ಬಾಂಧವರು ದಯವಿಟ್ಟು ಇದನ್ನು ಅನುಕರಿಸಬಾರದು. ಈಗ ಕಾನೂನು ಬೇರೆ ಇದೆ!

1954ರಲ್ಲಿ ಅವರು ದೆಹಲಿಗೆ ಬಂದರು. ಅದೇ ವರ್ಷ ಜಾಮಿಯಾ ಮಿಲ್ಲಿಯಾದಲ್ಲಿ ಕವಿ ನಜೀರ್ ಅಕ್ಬರಾಬಾದಿಯ ಬಗ್ಗೆ ಒಂದು ಕಾರ್ಯಕ್ರಮ ಏರ್ಪಾಟಾಗಿ, ಅದಕ್ಕೆಂದು ಹಬೀಬ್ ಬರೆದ ನಾಟಕವೇ 'ಆಗ್ರಾ ಬಾಜಾರ್'. ನಜೀರರ ಪದ್ಯಗಳನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಆಗ್ರಾದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಬದುಕಿದವರು. ಈದ್ ಮೇಲೆ ಬರೆದರು, ಹೋಳಿ ದೀಪಾವಳಿಯ ಮೇಲೆ ಬರೆದರು, ಕರಬೂಜ, ಸೌತೆಕಾಯಿ, ಕರಡಿಮರಿಯ ಮೇಲೂ ಬರೆದರು. ಇದೆಲ್ಲ ಬೀದಿ ಭಾಷೆ, ಇವನೆಂಥ ಕವಿ ಎಂದು ಅಂದಿನ ಪಂಡಿತರು ಅವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ನಾಟಕದ ಕತೆ ಎಂಥ ಸರಳ ನೋಡಿ. ಬಾಜಾರದಲ್ಲಿ ವ್ಯಾಪಾರ ಇಲ್ಲ. ಒಬ್ಬ ಸೌತೆಕಾಯಿ ಮಾರುವವನಿಗೆ, ತನ್ನ ಸೌತೆಕಾಯಿಯ ಮೇಲೆ ಯಾರಾದರೂ ನಾಲ್ಕು ಸಾಲು ಪದ್ಯ ಬರೆದುಕೊಟ್ಟರೆ ಹಾಡಿಕೊಂಡು ಮಾರಬಹುದಲ್ಲ ಎಂಬ ಉಪಾಯ ಹೊಳೆಯುತ್ತದೆ. ಪುಸ್ತಕದಂಗಡಿಯಲ್ಲಿ ಕುಳಿತ ದೊಡ್ಡ ದೊಡ್ಡ ಶಾಯರರ ಕೈಕಾಲು ಹಿಡಿಯುತ್ತಾನೆ. ಸೌತೆಕಾಯಿಯ ಮೇಲೆ ಪದ್ಯವೇ ಎಂದು ಅವರು ಬೈದು ಓಡಿಸುತ್ತಾರೆ. ಕೊನೆಗೆ ಅವನು ನಜೀರರ ಹತ್ತಿರ ಹೋಗಿ ಪದ್ಯ ಬರೆಸಿಕೊಂಡು ಬರುತ್ತಾನೆ. ಹಾಡುತ್ತಾನೆ, ಸೌತೆಕಾಯಿ ಖರ್ಚಾಗುತ್ತದೆ. ಅದನ್ನು ನೋಡಿ ಉಳಿದ ಮಾರಾಟಗಾರರೂ ನಜೀರರ ಪದ್ಯಕ್ಕೆ ಮುಗಿಬೀಳುತ್ತಾರೆ. ಇಷ್ಟೇ ಕತೆ. ಕವಿ ನಜೀರ್ ನಾಟಕದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಅವರ ಪದ್ಯಗಳು ಮಾತ್ರ ಜನರ ಬಾಯಲ್ಲಿ ಓಡಾಡುತ್ತವೆ. ಪಾತ್ರಧಾರಿಗಳಾಗಿ ಜಾಮಿಯಾದ ವಿದ್ಯಾರ್ಥಿಗಳು, ಅಧ್ಯಾಪಕರು ಇದ್ದರು. ಪಕ್ಕದ ಓಖ್ಲಾ ಹಳ್ಳಿಯ ಜನರನ್ನೂ ಹಬೀಬ್ ವೇದಿಕೆಗೆ ಹತ್ತಿಸಿದರು. ಬಾಜಾರದ ನಾಟಕಕ್ಕೆ ಬಾಜಾರದ ಜನವೇ ಬೇಕಲ್ಲ!

ಇಷ್ಟು ಹೆಸರು ಮಾಡಿದ ಮೇಲೂ ಹಬೀಬರಿಗೆ ತಾನು ಕಲಿತದ್ದು ಸಾಲದು ಎನ್ನಿಸಿತು. 1955ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್ ಸೇರಿದರು. ನಟನೆ ಕಲಿಯಲು ಜಗತ್ತಿನ ಪ್ರಸಿದ್ಧ ಶಾಲೆಗಳಲ್ಲಿ ಅದೊಂದು. ಅಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಭಾಷೆ ಬದಲಾದರೆ ನಾಲಿಗೆಯೊಂದೇ ಬದಲಾಗುವುದಿಲ್ಲ, ಕೈ ಬೀಸುವುದು, ನಿಲ್ಲುವುದು, ನಡೆಯುವುದು ಎಲ್ಲವೂ ಬದಲಾಗುತ್ತದೆ. ಇಂಗ್ಲಿಷ್ ಮಾತಿಗೆ ಹೊಂದುವ ದೇಹ ಬೇರೆ, ತನ್ನ ಊರಿನ ಮಾತಿಗೆ ಹೊಂದುವ ದೇಹ ಬೇರೆ. ಹಾಗಾದರೆ ಇಲ್ಲಿ ಕಲಿತದ್ದನ್ನು ಅಲ್ಲಿಗೆ ಒಯ್ದು ಏನು ಮಾಡಲಿ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಅಲ್ಲಿಂದ ಬ್ರಿಸ್ಟಲ್‌ನ ಓಲ್ಡ್ ವಿಕ್ ನಾಟಕ ಶಾಲೆಗೆ ಹೋಗಿ ನಿರ್ದೇಶನ ಕಲಿತರು. ಡಂಕನ್ ರಾಸ್ ಎಂಬ ಗುರು ಅಲ್ಲಿ ಕಲಿಸಿದ್ದು, ಎಲ್ಲಕ್ಕಿಂತ ಮೊದಲು ಕತೆಯನ್ನು ನೇರವಾಗಿ ಹೇಳು ಎಂಬುದನ್ನು. ಆಮೇಲೆ ಕೈಯಲ್ಲಿ ಕಾಸಿಲ್ಲದೆ ಯುರೋಪು ತಿರುಗಿದರು. ದ್ರಾಕ್ಷಿ ತೋಟದಲ್ಲಿ ಹಣ್ಣು ಕಿತ್ತರು, ಹಾಡಿ ಸಂಪಾದಿಸಿದರು. ಬರ್ಲಿನ್ನಿನಲ್ಲಿ ಮಹಾನಾಟಕಕಾರ ಬ್ರೆಕ್ಟ್‌ನನ್ನು ಕಾಣಬೇಕೆಂಬ ಆಸೆಯಿತ್ತು. ಇವರು ಮುಟ್ಟುವ ಮೊದಲೇ, 1956ರ ಆಗಸ್ಟ್‌ನಲ್ಲಿ ಬ್ರೆಕ್ಟ್ ತೀರಿಕೊಂಡಿದ್ದ. ಆದರೂ ಎಂಟು ತಿಂಗಳು ಅಲ್ಲೇ ಉಳಿದು ಅವನ ತಂಡದ ನಾಟಕಗಳನ್ನು ನೋಡಿದರು.

1958ರಲ್ಲಿ ತಾಯ್ನಾಡಿಗೆ ಮರಳಿದರು. ಮನೆಯವರನ್ನು ನೋಡಲು ರಾಯಪುರಕ್ಕೆ ಹೋದರು. ನನಗೆ ಬಹಳ ಇಷ್ಟವಾದ ಘಟನೆ ಇದು. ತಾವು ಓದಿದ ಅದೇ ಹೈಸ್ಕೂಲಿನ ಮೈದಾನದಲ್ಲಿ ಒಂದು ರಾತ್ರಿ 'ನಾಚಾ' ಇದೆ ಎಂದು ತಿಳಿಯಿತು. ನಾಚಾ ಎಂದರೆ ಛತ್ತೀಸಗಢದ ಹಳ್ಳಿಯಾಟ. ನಮ್ಮ ಕಡೆಯ ಸಣ್ಣಾಟ, ದೊಡ್ಡಾಟಗಳಂತೆ ರಾತ್ರಿ ಶುರುವಾದರೆ ಬೆಳಗಿನ ತನಕ. ಹಾಸ್ಯಗಾರರು, ಹೆಣ್ಣುವೇಷದ ಗಂಡಸರು, ಹಾಡು, ಕುಣಿತ, ಊರ ಸಾಹುಕಾರನನ್ನೂ ಪೊಲೀಸನನ್ನೂ ಗೇಲಿ ಮಾಡುವ ಚುಟುಕು ಪ್ರಸಂಗಗಳು. ಲಂಡನ್, ಬ್ರಿಸ್ಟಲ್, ಬರ್ಲಿನ್ ಸುತ್ತಿಬಂದ ಹಬೀಬ್ ಇಡೀ ರಾತ್ರಿ ಅಲ್ಲಿ ಕುಳಿತು ನೋಡಿದರು. ಬೆಳಿಗ್ಗೆ ಆ ಕಲಾವಿದರ ಬಳಿಗೆ ಹೋಗಿ, "ನನ್ನ ಜೊತೆ ದೆಹಲಿಗೆ ಬರುತ್ತೀರಾ?" ಎಂದು ಕೇಳಿದರು. ಠಾಕುರ್ ರಾಮ್, ಮದನ್ ಲಾಲ್, ಭುಲ್ವಾ ರಾಮ್, ಲಾಲು ರಾಮ್ ಮುಂತಾದ ಆರು ಜನ ಹೊರಟೇಬಿಟ್ಟರು. ಶೂದ್ರಕನ 'ಮೃಚ್ಛಕಟಿಕ'ವನ್ನು 'ಮಿಟ್ಟೀ ಕೀ ಗಾಡೀ' ಎಂದು ದೆಹಲಿಯಲ್ಲಿ ಆಡಿಸುವಾಗ ಈ ಆರು ಜನರೂ ಅದರಲ್ಲಿದ್ದರು. 1959ರಲ್ಲಿ ಹಬೀಬ್ ಮತ್ತು ಅವರ ಪತ್ನಿ ಮೋನಿಕಾ ಮಿಶ್ರಾ ಸೇರಿ 'ನಯಾ ಥಿಯೇಟರ್' ಕಟ್ಟಿದರು.

ಇಲ್ಲಿಗೆ ಕತೆ ಸುಖವಾಗಿ ಮುಗಿಯಿತು ಎಂದುಕೊಂಡಿರಾ? ಇಲ್ಲ. ನಾನು ಹೇಳಬೇಕೆಂದಿರುವುದು ಇಲ್ಲಿಂದಲೇ ಶುರುವಾಗುತ್ತದೆ.

ಆ ಹಳ್ಳಿಯ ನಟರು ತಮ್ಮ ಮೈದಾನದಲ್ಲಿ ಹುಲಿಗಳು. ಹಬೀಬರ ನಾಟಕದಲ್ಲಿ ಮಂಕಾದರು. ಠಾಕುರ್ ರಾಮ್‌ರಂಥ ಮಹಾನಟನ ಬಾಯಿಯೂ ಕಟ್ಟಿತು. ಕಾರಣವೇನೆಂದು ಹಬೀಬರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. ಮುಂದೆ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರು ಎರಡು ತಪ್ಪು ಮಾಡುತ್ತಿದ್ದರು. ಒಂದು, ಛತ್ತೀಸಗಢಿ ಆಡುವ ಜನರ ಬಾಯಲ್ಲಿ ಪುಸ್ತಕದ ಹಿಂದಿ ಹೇಳಿಸುತ್ತಿದ್ದರು. ಇನ್ನೊಂದು, ಇಂಗ್ಲೆಂಡಿನಲ್ಲಿ ಕಲಿತಂತೆ, ಈ ಮಾತಿಗೆ ಬಲಕ್ಕೆ ನಡೆ, ಆ ಮಾತಿಗೆ ಎಡಕ್ಕೆ ತಿರುಗು ಎಂದು ಗೆರೆ ಹಾಕಿಕೊಡುತ್ತಿದ್ದರು. ಮುಂದಿರುವ ಜನರ ನಗು ಕೇಳಿ, ಅವರತ್ತ ತಿರುಗಿ, ಅಲ್ಲೇ ಒಂದು ಹೊಸ ಮಾತು ಹುಟ್ಟಿಸಿ ಆಡಿ ರೂಢಿಯಾದ ನಟನಿಗೆ ಬಲ ಎಡದ ಲೆಕ್ಕ ಹಾಕಿದರೆ ಅವನು ಕಾಲು ನೋಡಿಕೊಳ್ಳಲೋ, ಮಾತು ನೆನಪಿಟ್ಟುಕೊಳ್ಳಲೋ?

ಸಭಿಕರೇ, ಇದನ್ನು ಓದುವಾಗ ಪುಸ್ತಕ ಮಡಿಚಿ ಕೆಳಗಿಟ್ಟೆ. "ಇಲ್ಲಿ ನಿಲ್ಲು, ಅಲ್ಲಿ ನೋಡು, ಕೈ ಕೆಳಗಿಳಿಸು." ನಾನು ಆಡಿದ ಮಾತುಗಳೇ ಕಿವಿಯಲ್ಲಿ ಕೇಳಿದವು. ಆದರೆ ಹಬೀಬರಿಗೂ ನನಗೂ ವ್ಯತ್ಯಾಸವಿದೆ. ನಾನು ಮೂರೇ ದಿನಕ್ಕೆ ಹುಡುಗನನ್ನು ಹೊರಗೆ ಹಾಕಿದೆ. ಹಬೀಬ್ ತಪ್ಪು ನಟರಲ್ಲಿಲ್ಲ, ತನ್ನಲ್ಲೇ ಎಲ್ಲೋ ಇದೆ ಎಂದು ಹುಡುಕುತ್ತಾ ಹೋದರು. 1958ರಿಂದ 1970ರ ದಶಕದ ಆರಂಭದವರೆಗೆ ಈ ಹುಡುಕಾಟ ನಡೆಯಿತು. ಇಷ್ಟು ವರ್ಷ ಒಂದು ತಪ್ಪಿನ ಜೊತೆ ಕುಳಿತು ಅದನ್ನು ಬಿಡಿಸುವ ತಾಳ್ಮೆ ಯಾರಿಗಿರುತ್ತದೆ?

ಕೊನೆಗೆ ಅವರು ಬಿಟ್ಟುಕೊಟ್ಟರು. ನಿಮ್ಮ ಮಾತಿನಲ್ಲೇ ಹೇಳಿ, ನಿಮಗೆ ತೋಚಿದ ಕಡೆ ನಿಲ್ಲಿ ಎಂದರು. 1973ರಲ್ಲಿ ರಾಯಪುರದಲ್ಲಿ ನಾಚಾ ಕಲಾವಿದರ ದೊಡ್ಡ ಕಮ್ಮಟ ನಡೆಸಿದರು. ಅಲ್ಲಿ ಮೂರು ಹಳ್ಳಿ ಪ್ರಸಂಗಗಳನ್ನು ಹೆಣೆದು ಒಂದು ನಾಟಕ ಹುಟ್ಟಿತು. 'ಗಾಂವ್ ಕಾ ನಾಮ್ ಸಸುರಾಲ್, ಮೋರ್ ನಾಮ್ ದಾಮಾದ್' ಎಂದು ಹೆಸರು. ಅಂದರೆ ಊರ ಹೆಸರು ಮಾವನ ಮನೆ, ನನ್ನ ಹೆಸರು ಅಳಿಯ! ದೆಹಲಿಯಲ್ಲಿ ಅದನ್ನು ಛತ್ತೀಸಗಢಿಯಲ್ಲೇ ಆಡಿದರು. ಭಾಷೆ ಬಾರದ ಜನವೂ ಬಂದು ನೋಡಿ ನಕ್ಕರು. ಹಬೀಬರಿಗೆ ದಾರಿ ಸಿಕ್ಕಿತು.

ಅವರ ನಟರಲ್ಲಿ ಬಹಳ ಮಂದಿಗೆ ಓದು ಬರಹ ಬಾರದು. ಆದ್ದರಿಂದ ಬರೆದ ನಾಟಕ ಕೈಗೆ ಕೊಟ್ಟು ಓದಿಕೋ ಎನ್ನುವಂತಿಲ್ಲ. ಕತೆ ಹೇಳುವುದು, ಪ್ರಸಂಗ ವಿವರಿಸುವುದು, ಅವರು ಆಡಿ ತೋರಿಸುವುದು, ಅದರಲ್ಲಿ ಚೆನ್ನಾಗಿ ಬಂದದ್ದನ್ನು ಉಳಿಸಿಕೊಂಡು ಬರೆದುಕೊಳ್ಳುವುದು, ಹೀಗೆ ನಾಟಕ ಬೆಳೆಯುತ್ತಿತ್ತು. ಕಿವಿಯಿಂದಲೇ ಕಲಿತು ಇಡೀ ನಾಟಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಮಕ್ಕಳಿಗೆ ಹತ್ತು ಸಾಲಿನ ಪದ್ಯ ಬಾಯಿಪಾಠ ಮಾಡಿಸಲು ನಾವು ಎಷ್ಟು ಕಷ್ಟ ಪಡುತ್ತೇವೆ ಎಂಬುದನ್ನು ಸಹೋದ್ಯೋಗಿಗಳು ಬಲ್ಲರು.

ಇನ್ನು 'ಚರಣದಾಸ್ ಚೋರ್'. 1975ರ ಈ ನಾಟಕದ ಮೂಲ ರಾಜಸ್ಥಾನದ ವಿಜಯದಾನ್ ದೇಥಾ ಬರೆದ ಒಂದು ಜಾನಪದ ಕತೆ. ಇದರ ಮೊದಲ ರೂಪವನ್ನು ಭಿಲಾಯಿಯ ಬಯಲಿನಲ್ಲಿ, ಸತ್ನಾಮಿ ಪಂಥದ ಜನರ ಮುಂದೆ ಆಡಿದರು. ಸತ್ಯವೇ ದೇವರು ಎನ್ನುವ ಪಂಥ ಅದು. ಅದಕ್ಕೆ ತಕ್ಕ ಕತೆಯೇ ಸಿಕ್ಕಿತು. ಮಕ್ಕಳೇ, ಕತೆ ಕೇಳಿ.

ಚರಣದಾಸ ಒಬ್ಬ ಕಳ್ಳ. ಪೊಲೀಸನಿಂದ ತಪ್ಪಿಸಿಕೊಳ್ಳಲು ಒಬ್ಬ ಗುರುವಿನ ಹತ್ತಿರ ಬಂದು ಕೂರುತ್ತಾನೆ. ಗುರು, ಕಳ್ಳತನ ಬಿಡು ಎನ್ನುತ್ತಾನೆ. ಅದು ನನ್ನ ಕಸುಬು, ಬಿಡಲಾರೆ ಎನ್ನುತ್ತಾನೆ ಇವನು. ಹಾಗಾದರೆ ಸುಳ್ಳು ಹೇಳುವುದನ್ನು ಬಿಡು. ಆಗಲಿ ಎನ್ನುತ್ತಾನೆ. ಅದರ ಜೊತೆಗೆ ತಮಾಷೆಗೆಂದು ತಾನೇ ನಾಲ್ಕು ಆಣೆ ಇಡುತ್ತಾನೆ. ಚಿನ್ನದ ತಟ್ಟೆಯಲ್ಲಿ ಉಣ್ಣುವುದಿಲ್ಲ, ಆನೆಯ ಮೇಲೆ ಮೆರವಣಿಗೆ ಹೋಗುವುದಿಲ್ಲ, ರಾಣಿಯನ್ನು ಮದುವೆಯಾಗುವುದಿಲ್ಲ, ರಾಜನಾಗುವುದಿಲ್ಲ. ಕಳ್ಳನಿಗೆ ಇವೆಲ್ಲ ಎಲ್ಲಿಂದ ಬರಬೇಕು ಎಂದು ನಾವೂ ನಗುತ್ತೇವೆ. ಒಂದು ದಿನ ಅವನು ರಾಜಭಂಡಾರದಿಂದ ಐದೇ ಐದು ಚಿನ್ನದ ಮೊಹರು ಕದಿಯುತ್ತಾನೆ. ಭಂಡಾರದ ಅಧಿಕಾರಿ ಇದೇ ಸಮಯವೆಂದು ತಾನೂ ಐದು ಜೇಬಿಗಿಳಿಸಿ ಹತ್ತು ಕಳವಾಯಿತು ಎನ್ನುತ್ತಾನೆ. ರಾಣಿಯ ಮುಂದೆ ಚರಣದಾಸ ನಾನು ಕದ್ದದ್ದು ಐದೇ ಎಂದು ನಿಜ ಹೇಳುತ್ತಾನೆ. ರಾಣಿಗೆ ಮೆಚ್ಚುಗೆಯಾಗುತ್ತದೆ. ಆನೆ ಕಳಿಸುತ್ತಾಳೆ, ಹತ್ತುವುದಿಲ್ಲ. ಚಿನ್ನದ ತಟ್ಟೆಯಲ್ಲಿ ಊಟ ಬಡಿಸುತ್ತಾಳೆ, ಮುಟ್ಟುವುದಿಲ್ಲ. ನನ್ನನ್ನು ಮದುವೆಯಾಗು ಎನ್ನುತ್ತಾಳೆ, ಆಣೆ ಇದೆ ಎನ್ನುತ್ತಾನೆ. ಕೊನೆಗೆ ರಾಣಿ ಅಂಜಿ, ಹೋಗಲಿ, ನಾನು ಹೀಗೆ ಕೇಳಿದೆ ಎಂದು ಯಾರಿಗೂ ಹೇಳಬೇಡ ಎಂದು ಬೇಡಿಕೊಳ್ಳುತ್ತಾಳೆ. ಸುಳ್ಳು ಹೇಳುವುದಿಲ್ಲ ಎಂದು ಗುರುವಿಗೆ ಕೊಟ್ಟ ಮಾತಿದೆ, ಅದೂ ಆಗದು. ಕಳ್ಳ ಸತ್ಯಕ್ಕಾಗಿ ಪ್ರಾಣ ಬಿಡುತ್ತಾನೆ. ಅಲ್ಲಿಯವರೆಗೆ ನಕ್ಕವರು ಆಗ ಸ್ತಬ್ಧರಾಗುತ್ತಾರೆ.

ಈ ನಾಟಕದಲ್ಲಿ ರಾಣಿಯ ಪಾತ್ರ ಫಿದಾ ಬಾಯಿಯವರದು. ಚರಣದಾಸನಾಗಿ ಗೋವಿಂದ್ ರಾಮ್ ನಿರ್ಮಲ್ಕರ್ ಬಹಳ ಕಾಲ ಆಡಿದರು. ಈ ನಿರ್ಮಲ್ಕರರಿಗೆ 2009ರಲ್ಲಿ ಪದ್ಮಶ್ರೀ ಬಂತು. ಹಬೀಬ್ ತನ್ವೀರರು ಸ್ವತಃ ಮಾಡುತ್ತಿದ್ದದ್ದು ಹವಾಲ್ದಾರನ ಪಾತ್ರ. ಲಂಡನ್ನಿನಲ್ಲಿ ಕಲಿತುಬಂದ ನಿರ್ದೇಶಕ ತನಗೆ ಇಟ್ಟುಕೊಂಡದ್ದು ಕಳ್ಳನ ಹಿಂದೆ ಓಡಿ ಓಡಿ ಮೂರ್ಖನಾಗುವ ಪೊಲೀಸನ ವೇಷವನ್ನು! 1982ರಲ್ಲಿ ಈ ತಂಡ ಸ್ಕಾಟ್ಲೆಂಡಿನ ಎಡಿನ್‌ಬರೋ ನಾಟಕೋತ್ಸವದಲ್ಲಿ ಇದೇ ನಾಟಕವನ್ನು ಛತ್ತೀಸಗಢಿಯಲ್ಲೇ ಆಡಿ 'ಫ್ರಿಂಜ್ ಫಸ್ಟ್' ಪ್ರಶಸ್ತಿ ತಂದಿತು. ಶ್ಯಾಮ್ ಬೆನಗಲ್ ಇದನ್ನು 1975ರಲ್ಲೇ ಮಕ್ಕಳ ಸಿನಿಮಾ ಮಾಡಿದ್ದರು. ನಾನು ಹಬೀಬರ ನಾಟಕವನ್ನು ಎದುರು ಕುಳಿತು ನೋಡಿದವನಲ್ಲ, ಆ ಭಾಗ್ಯ ನನಗಿಲ್ಲ. ಓದಿ, ಧ್ವನಿಚಿತ್ರಗಳಲ್ಲಿ ನೋಡಿ ತಿಳಿದುಕೊಂಡದ್ದು.

ಸನ್ಮಾನಗಳ ಪಟ್ಟಿ ಉದ್ದವಿದೆ, ಬೇಗ ಹೇಳಿಬಿಡುತ್ತೇನೆ. 1969ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಿಂದ 1978ರವರೆಗೆ ರಾಜ್ಯಸಭೆ, 1983ರಲ್ಲಿ ಪದ್ಮಶ್ರೀ, 2002ರಲ್ಲಿ ಪದ್ಮಭೂಷಣ. 2009ರ ಜೂನ್ 8ರಂದು ಭೋಪಾಲದಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಭೋಪಾಲ ಎಂದಾಗ ನಮ್ಮವರೊಬ್ಬರ ಹೆಸರು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಬಂಟ್ವಾಳ ತಾಲೂಕಿನ ಹಳ್ಳಿಯಿಂದ ಹೊರಟು ಗುಬ್ಬಿ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತರು, 1980ರ ದಶಕದಲ್ಲಿ ಭೋಪಾಲದ ಭಾರತ ಭವನದ ರಂಗಮಂಡಲವನ್ನು ಕಟ್ಟಿದರು. ಅಲ್ಲಿ ಅವರೂ ಬುಂದೇಲಖಂಡಿಯಂಥ ಆಡುಮಾತಿನಲ್ಲಿ ನಾಟಕ ಆಡಿಸಿದರು. ರಾಯಪುರದ ಹುಡುಗ, ಬಂಟ್ವಾಳದ ಹುಡುಗ, ಇಬ್ಬರೂ ದೂರ ದೂರ ಹೋಗಿ ಮುಟ್ಟಿದ್ದು ಒಂದೇ ಕಡೆಗೆ.

ಕೆಲವು ಪಾಲಕರು ನನ್ನ ಬಳಿ ಬಂದು, "ಮಾಸ್ಟರ್ ಸಾಬ್, ಹುಡುಗನನ್ನು ಓದಲು ಕಳಿಸಿದ್ದೇವೆ, ವೇಷ ಕಟ್ಟಲು ಅಲ್ಲ" ಎಂದದ್ದಿದೆ. ಅವರ ಅಂಜಿಕೆ ನನಗೆ ತಿಳಿಯುತ್ತದೆ. ನಟನಾಗು ಎಂದು ನಾನು ಯಾವ ಹುಡುಗನಿಗೂ ಹೇಳುವುದಿಲ್ಲ. ಅದು ಹೊಟ್ಟೆ ತುಂಬಿಸುವ ಕೆಲಸವಲ್ಲ, ಹಬೀಬರೇ ಬದುಕಿಗಾಗಿ ಬಹಳ ವರ್ಷ ಪತ್ರಿಕೆಗಳಿಗೆ ಬರೆಯಬೇಕಾಯಿತು. ನನಗೆ ಕಾಣುವ ಪ್ರಶ್ನೆ ಬೇರೆ. ಮಗು ಮನೆಯಲ್ಲಿ ಒಂದು ಮಾತು ಆಡುತ್ತದೆ. ಶಾಲೆಗೆ ಬಂದಾಗ ಉರ್ದು ಮೇಷ್ಟ್ರು ಅದು ಉರ್ದು ಅಲ್ಲ ಎನ್ನುತ್ತಾರೆ, ಕನ್ನಡ ಮೇಷ್ಟ್ರು ಅದು ಕನ್ನಡ ಅಲ್ಲ ಎನ್ನುತ್ತಾರೆ. ನಾನಂತೂ ಎರಡೂ ಮೇಷ್ಟ್ರು, ಎರಡು ಸಲ ಹೇಳುತ್ತೇನೆ. ಆಮೇಲೆ ನಮ್ಮ ಮಕ್ಕಳು ಸಭೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ನಾವೇ ದೂರುತ್ತೇವೆ. ಶುದ್ಧ ಉರ್ದು ಬೇಡವೆಂದಲ್ಲ, ಶುದ್ಧ ಕನ್ನಡವೂ ಬೇಕು. ಪರೀಕ್ಷೆಗೆ ಬೇಕು, ನೌಕರಿಗೆ ಬೇಕು, ನಜೀರರನ್ನು ಓದಲಿಕ್ಕೂ ಬೇಕು. ಆದರೆ ಮಗುವಿನ ಬಾಯಿ ತೆರೆಯುವ ಮೊದಲ ಮಾತು ಯಾವುದು?

ಕಳೆದ ರಂಜಾನಿನಲ್ಲಿ ಇಫ್ತಾರಿಗೆ ಹಣ್ಣು ತರಲು ಸಂತೆಗೆ ಹೋಗಿದ್ದೆ. ಒಂದು ತಳ್ಳುಗಾಡಿಯ ಸುತ್ತ ಜನ ಮುತ್ತಿದ್ದರು. ಕಲ್ಲಂಗಡಿ ಮಾರುವವನು ಹಣ್ಣಿನ ಮೇಲೆ ತಾನೇ ಕಟ್ಟಿದ ಪದ ಹೇಳುತ್ತಿದ್ದ, ದಖನಿಯಲ್ಲಿ ಎರಡು ಸಾಲು, ಕನ್ನಡದಲ್ಲಿ ಎರಡು ಸಾಲು. ಹಣ್ಣನ್ನು ಎತ್ತಿ ತಟ್ಟುವುದೇ ತಾಳ. ಹೆಂಗಸರು ನಗುತ್ತಾ ಚೀಲ ತುಂಬಿಸಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಅದೇ ಹುಡುಗ. ಹತ್ತನೆಯದು ಆದ ಮೇಲೆ ಓದು ನಿಲ್ಲಿಸಿದನಂತೆ. ನನ್ನನ್ನು ನೋಡಿದ ಕೂಡಲೇ ಪದ ನಿಲ್ಲಿಸಿ, ಕೈ ಕೆಳಗಿಳಿಸಿ, ತರಗತಿಯಲ್ಲಿ ನಿಂತಂತೆ ನಿಂತುಬಿಟ್ಟ. "ಸಲಾಂ ಸರ್" ಎಂದ. ಒಂದು ಒಳ್ಳೆಯ ಹಣ್ಣು ಆರಿಸಿ ಕೊಟ್ಟ, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ನಾನು ಬೀದಿಯ ತಿರುವಿಗೆ ಹೋದ ಮೇಲೆ ಮತ್ತೆ ಅವನ ಪದ ಕೇಳಿಸಿತು.

ಮಾನ್ಯರೇ, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಒಂದು ಪ್ರಕಟಣೆ ಇದೆ, ಹೇಳಿ ಮುಗಿಸುತ್ತೇನೆ. ಈ ವರ್ಷ ಶಾಲೆಯಲ್ಲಿ ಒಂದು ಸಣ್ಣ ಬಾಜಾರದ ನಾಟಕ ಆಡಿಸಬೇಕೆಂದಿದ್ದೇನೆ. ಬರೆದ ನಾಟಕವಿಲ್ಲ. ಮಕ್ಕಳು ತಮ್ಮ ಓಣಿಯಲ್ಲಿ ಕೇಳಿದ್ದನ್ನು ತಂದು ಆಡಬೇಕು, ಯಾವ ಮಾತಿನಲ್ಲಾದರೂ ಸರಿ. ತಾಲೀಮು ಶನಿವಾರ ಶಾಲೆ ಬಿಟ್ಟ ಮೇಲೆ, ಹಿಂದಿನ ಕೋಣೆಯಲ್ಲಿ. ಹೆಣ್ಣುಮಕ್ಕಳೂ ಬರಬಹುದು, ತಾಯಂದಿರು ಜೊತೆಗೆ ಬಂದು ಕೂತರೆ ಇನ್ನೂ ಸಂತೋಷ. ಪದ ಕಟ್ಟುವುದನ್ನು ಮಕ್ಕಳಿಗೆ ತೋರಿಸಿಕೊಡು ಎಂದು ಆ ಹುಡುಗನಿಗೂ ಹೋಗಿ ಹೇಳಿ ಬಂದಿದ್ದೇನೆ. "ಶನಿವಾರ ಗಿರಾಕಿ ಜಾಸ್ತಿ ಸರ್, ನೋಡ್ತೀನಿ" ಎಂದಿದ್ದಾನೆ.